ಕಣ್ಣು ಬಿಟ್ಟ ಹೆಣ

ಹೋದ ತಿಂಗಳು ಮಗಳ ಏಳನೇ ಕ್ಲಾಸಿನವರನ್ನು ಡಲ್ಲಾಸ್‌ನ ಒಂದು ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಹಳೇ ಕಾಲದ ಮರದ ಮನೆಗಳನ್ನು ತಂದು ಸಾಲಾಗಿ ನಿಲ್ಲಿಸಿರುವ ಜಾಗ ಅದು. ಮಕ್ಕಳನ್ನು ಕಾಯಲು ತಂದೆ ತಾಯಿಗಳು ಬೇಕು ಅಂದಾಗ ನನ್ನ ಹೆಂಡತಿ ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟಿದ್ದಳು. ನಾವಿರುವ ಅಲೆನ್ ಊರಿನಿಂದ ಹಳದಿ ಬಸ್ಸಿನಲ್ಲಿ ಹೋಗುವಷ್ಟು ಹೊತ್ತೂ ಮನಸ್ಸಿನಲ್ಲೇ ಬೈದುಕೊಳ್ಳುತ್ತಾ ಕೂತಿದ್ದೆ. ಅಲ್ಲಿ ಒಬ್ಬ ದಪ್ಪ ಮೀಸೆಯವನು ಹಳೇ ಸಿಪಾಯಿಯ ವೇಷ ಹಾಕಿಕೊಂಡು, ಉದ್ದನೆಯ ಬಂದೂಕಿಗೆ ಕರಿಮದ್ದು ಸುರಿದು, ಆಕಾಶಕ್ಕೆ ಹಿಡಿದು ಢಂ ಅನ್ನಿಸಿದ. ಮಕ್ಕಳು ಕಿವಿ ಮುಚ್ಚಿಕೊಂಡು ಕಿರುಚಿ ನಕ್ಕರು. ಹೊಗೆ ನಮ್ಮ ಕಡೆಗೇ ಬಂತು.

"ಅಪ್ಪಾ, ಇಟ್ ಸ್ಮೆಲ್ಸ್ ಲೈಕ್ ದೀಪಾವಳಿ!" ಅಂದಳು ಮಗಳು.

ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ. ಬಿಸಿಲಿಗೆ ತಲೆ ಸುತ್ತಿತು ಅಂದೆ. ಟೀಚರಮ್ಮ ನೀರಿನ ಬಾಟಲಿ ಕೊಟ್ಟರು. ನನಗೆ ಆ ವಾಸನೆ ದೀಪಾವಳಿಯದು ಅನ್ನಿಸುವುದು ನಿಂತು ಇಪ್ಪತ್ತು ವರ್ಷವಾಯಿತು.

ಆಗ ನಾನು ಹ್ಯೂಸ್ಟನ್‌ನಲ್ಲಿ ಎಂಎಸ್ ಓದುತ್ತಿದ್ದೆ. ನ್ಯೂಯಾರ್ಕಿನ ಅವಳಿ ಗೋಪುರಗಳು ಬಿದ್ದ ಮೇಲಿನ ಮೊದಲ ವಸಂತ. ನನ್ನ ರೂಮ್‌ಮೇಟ್ ಇಮ್ತಿಯಾಜ್ ತಾಳಿಕೋಟೆಯವನು, ನಾನು ಹೊಸಪೇಟೆಯವನು. ಇಷ್ಟು ಗೊತ್ತಾದ ದಿನವೇ ನಮ್ಮ ಜಗಳ ಶುರುವಾಗಿತ್ತು.

"ಲೇ ವಿರೂ, ನಿಮ್ಮ ಹಂಪಿ ಹಾಳ್ ಮಾಡಿದವ್ರು ನಾವು. ಸ್ವಲ್ಪ ಹೆದರಿಕೊಂಡು ಇರು" ಅನ್ನುತ್ತಿದ್ದ.

"ಹಂಗಾದ್ರ ಇವತ್ತ ಪಾತ್ರಿ ನೀನ ತೊಳಿ. ನಾಕ್ನೂರು ವರ್ಷದ ಸಿಟ್ಟೈತಿ ನಂದು" ಅನ್ನುತ್ತಿದ್ದೆ ನಾನು.

ಪಾತ್ರೆ ಅವನೇ ತೊಳೆಯುತ್ತಿದ್ದ. ಅವನು ಓದುತ್ತಿದ್ದದ್ದು ಪೆಟ್ರೋಲಿಯಂ, ತಲೆಯಲ್ಲಿ ತುಂಬಿಕೊಂಡಿದ್ದದ್ದು ಮಾತ್ರ ಯುದ್ಧಗಳು. ಯುದ್ಧದ ಹೆಸರೇ ಇರುವ ಊರಲ್ಲಿ ಹುಟ್ಟಿದರೆ ಇನ್ನೇನಾಗುತ್ತದೆ! ಹಳೇ ಕೊರೋಲಾ ಕೊಂಡ ವಾರವೇ ನನ್ನನ್ನು ಡಲ್ಲಾಸ್‌ಗೆ ಎಳೆದುಕೊಂಡು ಹೋಗಿದ್ದ. ಅಲ್ಲಿ ನಲವತ್ತು ವರ್ಷದ ಹಿಂದೆ ಕಾರಿನಲ್ಲಿ ಹೋಗುತ್ತಿದ್ದ ಅಮೆರಿಕದ ಅಧ್ಯಕ್ಷನಿಗೆ ಗುಂಡು ತಗುಲಿದ ರಸ್ತೆಯ ಪಕ್ಕ ನಿಂತು, ಕಿಟಕಿ ಎಲ್ಲಿತ್ತು, ತಲೆ ಯಾವ ಕಡೆ ವಾಲಿತು ಎಂದು ಗುರುತಿಲ್ಲದ ಪ್ರವಾಸಿಗಳ ಜೊತೆ ಒಂದು ಗಂಟೆ ವಾದ ಮಾಡಿದ್ದ. ನನಗೆ ಹಸಿವಿನಿಂದ ಜೀವ ಹೋಗುತ್ತಿತ್ತು.

ಸೆಪ್ಟೆಂಬರ್ ಆದಮೇಲೆ ಅವನು ಮನೆಯ ಹೊರಗೆ ವಾದ ಮಾಡುವುದನ್ನು ಬಿಟ್ಟ. ಗಡ್ಡ ತೆಗೆಸಿದ. ಪೆಟ್ರೋಲ್ ಬಂಕಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಯಾರಾದರೂ ಹೆಸರು ಕೇಳಿದರೆ "ಟಿಮ್" ಅನ್ನುತ್ತಿದ್ದ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದ ಒಬ್ಬ ಸರ್ದಾರ್ಜಿ ಹುಡುಗನನ್ನು ಅಂಗಡಿಯ ಮುಂದೆ ಮೂವರು ಸೇರಿ ಹೊಡೆದಿದ್ದರು. ಅವನ ತುಟಿಗೆ ಹೊಲಿಗೆ ಬಿದ್ದ ದಿನ ಇಮ್ತಿಯಾಜ್ ನನ್ನ ಕೈ ಹಿಡಿದು, "ಹೊರಗ ನನ್ನ ಹೆಸರು ಹಿಡದು ಕರೀಬ್ಯಾಡೋ ಮಾರಾಯ" ಅಂದ. ಇಲ್ಲ ಅಂತ ಮಾತು ಕೊಟ್ಟೆ.

ಫೆಬ್ರವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಒಂದು ಕಾಗದ ಅಂಟಿಸಿದ್ದರು. ಟೆಕ್ಸಾಸಿನವರು ಮೆಕ್ಸಿಕೋವನ್ನು ಸೋಲಿಸಿದ, ನೂರೈವತ್ತು ವರ್ಷಕ್ಕೂ ಹಳೆಯ ಸ್ಯಾನ್ ಜಸಿಂಟೋ ಯುದ್ಧವನ್ನು ಮತ್ತೆ ಆಡಿ ತೋರಿಸಲು ಒಂದು ಚಿಕ್ಕ ಕೂಟಕ್ಕೆ ಜನ ಬೇಕಾಗಿದ್ದರು. ವೇಷ, ಬಂದೂಕು, ಊಟ ಅವರದೇ. ಅಸಲಿ ರಣರಂಗದಲ್ಲಲ್ಲ, ಕೇಟಿ ಎಂಬ ಊರಿನಿಂದಾಚೆ, ಕೊಳವಿರುವ ಯಾರದೋ ಹುಲ್ಲುಗಾವಲಿನಲ್ಲಿ. ಇಮ್ತಿಯಾಜ್‌ನ ಮುಖ ಎಷ್ಟೋ ತಿಂಗಳ ನಂತರ ಅರಳಿತು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಕೂಟದ ಯಜಮಾನ ರಾಯ್, ಅರವತ್ತರ ಹತ್ತಿರದವನು, ವಿಯೆಟ್ನಾಂನಲ್ಲಿ ಕಾದಾಡಿ ಬಂದವನು. ಮೆತ್ತಗಿನ ಮಾತಿನ ಮನುಷ್ಯ. ನಮ್ಮನ್ನು ನೋಡಿದ ಕೂಡಲೇ ಮೆಕ್ಸಿಕೋ ಸಿಪಾಯಿಗಳ ನೀಲಿ ಉಣ್ಣೆ ಕೋಟು ಕೈಗಿತ್ತ. ಈ ಊರಲ್ಲಿ ಅಷ್ಟೊಂದು ಮೆಕ್ಸಿಕನ್ನರಿದ್ದಾರಲ್ಲ, ಅವರು ಯಾಕೆ ಬರುವುದಿಲ್ಲ ಎಂದು ನಾನು ಕೇಳಿದೆ. "ವರ್ಷ ವರ್ಷ ಬಂದು ಸೋಲೋದು ಅವರಿಗೆ ಸಾಕಾಗಿದೆ" ಅಂದ. ಸೋಲಲು ನಾವು ಒಂಬತ್ತು ಜನ ಭಾರತದ ಹುಡುಗರು ಸಿಕ್ಕಿದ್ದೆವು. ಕನ್ನಡದವರು ನಾವಿಬ್ಬರೇ.

ಮೊದಲ ಶನಿವಾರ ರಾಯ್ ನಮ್ಮನ್ನು ಹುಲ್ಲಿನ ಮೇಲೆ ಕೂರಿಸಿ ಕತೆ ಹೇಳಿದ. ಮೆಕ್ಸಿಕೋದಿಂದ ಬೇರೆಯಾಗಲು ಹೊರಟ ಟೆಕ್ಸಾಸಿನ ಮೇಲೆ ಅಲ್ಲಿನ ಅಧ್ಯಕ್ಷನೇ ದಂಡು ತಂದಿದ್ದ. ಅಲಾಮೋ ಕೋಟೆ ಹಿಡಿದು ಕಾದಾಡಿದ ಟೆಕ್ಸಾಸಿನವರನ್ನು ಒಬ್ಬರನ್ನೂ ಬಿಡದೆ ಕೊಲ್ಲಿಸಿದ್ದ. ಇನ್ನೊಂದು ಊರಿನಲ್ಲಿ ಶರಣಾದ ಕೈದಿಗಳನ್ನು ಸಾಲಾಗಿ ನಡೆಸಿ ಗುಂಡಿಕ್ಕಿಸಿದ್ದ. ಆ ಸಿಟ್ಟಿನಲ್ಲಿದ್ದ ಟೆಕ್ಸಾಸಿನವರು ಒಂದು ಮಧ್ಯಾಹ್ನ, ಮೆಕ್ಸಿಕೋ ದಂಡು ಊಟ ಮಾಡಿ ಅಡ್ಡಾಗಿದ್ದ ಹೊತ್ತಿನಲ್ಲಿ, ಎತ್ತರದ ಹುಲ್ಲಿನಲ್ಲಿ ಬಂದು ಮೇಲೆ ಬಿದ್ದರು. ಹ್ಯೂಸ್ಟನ್ ನಗರಕ್ಕೆ ಯಾರ ಹೆಸರಿದೆಯೋ ಅವನೇ ಅವರ ಸೇನಾಪತಿ. ಕುದುರೆ ಮೇಲಿದ್ದಾಗಲೇ ಅವನ ಕಾಲಿನ ಗಿಣ್ಣು ಗುಂಡಿಗೆ ಪುಡಿಯಾಯಿತು.

"ಯುದ್ಧ ಹದಿನೆಂಟು ನಿಮಿಷ," ಅಂದ ರಾಯ್. "ಅದಾದ ಮೇಲೆ ನಡೆದದ್ದು ಯುದ್ಧ ಅಲ್ಲ."

ಅದಾದ ಮೇಲೆ ನಡೆದದ್ದು ಕತ್ತಲಾಗುವವರೆಗೂ ಕೊಲೆ. ಬಂದೂಕು ಬಿಸಾಡಿ ಓಡಿದವರನ್ನು ಅಟ್ಟಿಸಿಕೊಂಡು ಹೋಗಿ ತಲೆ ಒಡೆದರು. ನೀರಿಗೆ ಬಿದ್ದವರು ಉಸಿರಿಗೆಂದು ತಲೆ ಎತ್ತಿದಾಗ ದಡದಿಂದ ಗುಂಡು ಹೊಡೆದರು. ಸಿಕ್ಕಿಬಿದ್ದ ಮೆಕ್ಸಿಕೋ ಸಿಪಾಯಿಗಳು ಮೊಣಕಾಲೂರಿ ಹರಕು ಇಂಗ್ಲಿಷಿನಲ್ಲಿ "ಮೀ ನೋ ಅಲಾಮೋ" ಎಂದು ಬೇಡುತ್ತಿದ್ದರಂತೆ. ಅಲಾಮೋದಲ್ಲಿ ನಾನಿರಲಿಲ್ಲ, ಅದು ಮಾಡಿದ್ದು ನಾನಲ್ಲ ಅಂತ. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾರನೇ ದಿನ ಹುಲ್ಲಿನಲ್ಲಿ ಅಡಗಿದ್ದ ಒಬ್ಬ ಬಡಪಾಯಿ ಸಿಪಾಯಿ ಸಿಕ್ಕಿದ. ಹಿಡಿದವರಿಗೆ ಅವನು ಯಾರೆಂದು ಗೊತ್ತಿರಲಿಲ್ಲ. ಕೈದಿಗಳಿದ್ದಲ್ಲಿಗೆ ತಂದಾಗ ಕೈದಿಗಳೇ ಎದ್ದು ನಿಂತು, ಸಲಾಮು ಮಾಡಿ, "ಅಧ್ಯಕ್ಷರು!" ಅಂದುಬಿಟ್ಟರು. ವೇಷ ಹಾಕಿಕೊಂಡು ಉಳಿದಿದ್ದವನನ್ನು ಅವನ ಜನರ ಮರ್ಯಾದೆಯೇ ಹಿಡಿದುಕೊಟ್ಟಿತು.

"ಎಂಥಾ ಹುಚ್ಚ ಮಂದಿಲೇ!" ಎಂದು ಇಮ್ತಿಯಾಜ್ ತೊಡೆ ತಟ್ಟಿ ನಕ್ಕ. "ಸುಮ್ನ ಕುಂತಿದ್ರ ಉಳೀತಿದ್ದ."

ಆ ಅಧ್ಯಕ್ಷನ ಪಾತ್ರ ಅವನಿಗೇ ಸಿಕ್ಕಿತು. ತಾಲೀಮಿನಲ್ಲಿ ಅವನನ್ನು ಹಿಡಿದು ತಂದಾಗ ನಾವು ಹೆಡ್‌ಮಾಸ್ಟರ್ ಬಂದ ಹಾಗೆ ದಡಬಡ ಎದ್ದು ನಿಂತದ್ದನ್ನು ನೋಡಿ ರಾಯ್‌ಗೆ ಖುಷಿಯೋ ಖುಷಿ. ಆಮೇಲೆ ನಿಯಮ ಹೇಳಿಕೊಟ್ಟ. ಬಂದೂಕಿನಲ್ಲಿ ಮದ್ದು ಮಾತ್ರ, ಗುಂಡಿಲ್ಲ. ಗುರಿ ತಲೆಯ ಮೇಲಕ್ಕೆ. ಬಂದೂಕಿನ ಬುಡದಿಂದ ಹೊಡೆಯುವಾಗ ಒಂದು ಮೊಳ ದೂರದಲ್ಲೇ ಕೈ ನಿಲ್ಲಬೇಕು. ಬಿದ್ದವರು ಕಹಳೆ ಊದುವ ತನಕ ಏಳಬಾರದು, ಇರುವೆ ಕಚ್ಚಿದರೂ ಸರಿ.

ನಮಗೆ ಬಂದೂಕು ಹಿಡಿಯಲು ಕಲಿಸಿದವನು ಡ್ವೇನ್. ಇಪ್ಪತ್ತೆರಡು ಇಪ್ಪತ್ತಮೂರರ, ಕೆಂಚು ಕೂದಲಿನ ಹುಡುಗ. ಅವನ ಅಣ್ಣ ಸೈನ್ಯದಲ್ಲಿ, ಅಫ್ಘಾನಿಸ್ತಾನದಲ್ಲಿದ್ದ. ತಾನೂ ಜೂನ್‌ನಲ್ಲಿ ಸೇರುವವನು. ಮದ್ದಿನ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿಯುವುದು ಹೇಗೆಂದು ಇಮ್ತಿಯಾಜ್‌ಗೆ ಮೂರು ಶನಿವಾರ ತೋರಿಸಿಕೊಟ್ಟ. ಇಬ್ಬರ ತುಟಿಯೂ ಕಪ್ಪಾಗಿ, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. "ಟಿಮ್, ನೀನು ಹುಟ್ಟಾ ಸಿಪಾಯಿ" ಅಂದಿದ್ದ.

ಏಪ್ರಿಲ್‌ನ ಆ ಶನಿವಾರ ಬೆಳಗ್ಗೆಯೇ ಸೆಖೆ ಕುದಿಯುತ್ತಿತ್ತು. ಹುಲ್ಲುಗಾವಲಿನ ತುಂಬ ನೀಲಿ ಹೂವು, ಕೆಂಪು ಹೂವು. ಕೊಳದ ಆಚೆ ಹುಲ್ಲಿನ ಕಂತೆಗಳ ಮೇಲೆ ನೂರಾರು ಜನ ಮಕ್ಕಳು ಮರಿ ಕಟ್ಟಿಕೊಂಡು ಕೂತಿದ್ದರು. ಹನ್ನೆರಡಕ್ಕೆ ಎರಡೂ ಸೈನ್ಯಗಳಿಗೆ ಒಂದೇ ಸಾಲಿನಲ್ಲಿ ಊಟ.

ಈಗ ಹೇಳಬೇಕು. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಈ ಜಾಗಕ್ಕೆ ಬರಲು ಮನಸ್ಸಿಲ್ಲದೆ.

ಇಮ್ತಿಯಾಜ್ ನನಗಿಂತ ಮೂರು ಜನ ಮುಂದಿದ್ದ. ಬ್ರೆಡ್ಡು, ಕೋಸಿನ ಪಲ್ಯದಂಥದ್ದು ಮಾತ್ರ ಹಾಕಿಸಿಕೊಂಡು ಮುಂದೆ ಸರಿಯುತ್ತಿದ್ದ. ಬಡಿಸುತ್ತಿದ್ದ ಅಜ್ಜಿ ಅಕ್ಕರೆಯಿಂದ ಒಂದು ಹಂದಿ ಸಾಸೇಜ್ ತೆಗೆದು ಅವನ ತಟ್ಟೆಗೆ ಚಾಚಿದಳು. ನಾನು ಬಾಯಿ ಹಾಕದಿದ್ದರೆ ಅವನು ಸುಮ್ಮನೆ ತೆಗೆದುಕೊಂಡು ಆಮೇಲೆ ಬದಿಗಿಡುತ್ತಿದ್ದ. ತಿಂಗಳುಗಟ್ಟಲೆ ಅವನು ಹಾಗೇ ಬದುಕಿದ್ದು. ನಮ್ಮ ಕಡೆ ಮದುವೆ ಪಂಕ್ತಿಯಲ್ಲಿ ಯಾರಾದರೊಬ್ಬರು ಕೂಗುತ್ತಲೇ ಇರುತ್ತಾರಲ್ಲ, ಇವರಿಗೆ ಉಳ್ಳಾಗಡ್ಡಿ ನಡೆಯಂಗಿಲ್ಲರಿ, ಅವರದು ಇವತ್ತು ಒಪ್ಪತ್ತು ಅಂತ. ಇನ್ನೊಬ್ಬರ ಬಾಯಿಕಟ್ಟು ನೆನಪಿಟ್ಟುಕೊಂಡು ಹೇಳುವುದೇ ಅಲ್ಲಿ ದೊಡ್ಡ ಪ್ರೀತಿ. ಆ ಚಾಳಿ ನನ್ನ ರಕ್ತದಲ್ಲಿತ್ತು. ಯೋಚನೆಯನ್ನೇ ಮಾಡದೆ ಕೂಗಿದೆ:

"ನೋ ಮೇಡಂ! ನೋ ಪೋರ್ಕ್ ಫಾರ್ ಹಿಮ್! ಹೀ ಈಸ್ ಮುಸ್ಲಿಮ್!"

ಹೆಸರು ಹಿಡಿದು ಕರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದವನು ನಾನು. ಹೆಸರು ಹೇಳಲಿಲ್ಲ, ಮಿಕ್ಕಿದ್ದೆಲ್ಲ ಹೇಳಿಬಿಟ್ಟೆ. ಮೇಲಿಂದ ಒಳ್ಳೇ ಕೆಲಸ ಮಾಡಿದೆ ಎಂಬ ಜಂಬ ಬೇರೆ. ಅಜ್ಜಿ "ಓ, ಸಾರಿ ಹನಿ" ಎಂದು ಸಾಸೇಜನ್ನು ವಾಪಸ್ ಇಟ್ಟಳು. ಇಮ್ತಿಯಾಜ್ ತಿರುಗಿ ನನ್ನನ್ನು ನೋಡಿದ. ಮೇಜಿನ ಆಚೆ ಡ್ವೇನ್ ತಟ್ಟೆ ಹಿಡಿದು ನಿಂತಿದ್ದ. ತಟ್ಟೆಯನ್ನು ಅಲ್ಲೇ ಇಟ್ಟು ಹೊರಟುಹೋದ.

ಮೂರು ಗಂಟೆಗೆ ಯುದ್ಧ ಶುರುವಾಯಿತು. ನಾವು ಮಲಗಿದ್ದ ಹಾಗೆ ನಟಿಸುತ್ತಿದ್ದೆವು. ಹುಲ್ಲಿನೊಳಗಿಂದ "ಅಲಾಮೋ ನೆನಪಿರಲಿ!" ಎಂದು ಅರಚುತ್ತಾ ಅವರು ಎದ್ದು ಬಂದರು. ಒಂದೇ ಸಲಕ್ಕೆ ಬಂದೂಕುಗಳೆಲ್ಲ ಸಿಡಿದು ಕಣ್ಣ ಮುಂದೆ ಬರೀ ಹೊಗೆ, ಗಂಟಲಲ್ಲಿ ಗಂಧಕ. ಹೇಳಿಕೊಟ್ಟ ಹಾಗೆ ಹತ್ತು ಹೆಜ್ಜೆ ಓಡಿ, ಎದೆ ಹಿಡಿದುಕೊಂಡು, ಕೊಳದ ಕಡೆ ಮುಖ ಮಾಡಿ ಬಲ ಮಗ್ಗುಲಿಗೆ ಬಿದ್ದೆ.

ಇಮ್ತಿಯಾಜ್ ನನ್ನನ್ನು ದಾಟಿ ಕೊಳದ ದಡದ ಎತ್ತರದ ಹುಲ್ಲಿಗೆ ಓಡಿದ. ಅಲ್ಲಿ ಅಡಗಬೇಕಿತ್ತು ಅವನು. ಡ್ವೇನ್ ಅವನ ಹಿಂದೆ ಓಡಿದ. ಇದು ನಮಗೆ ಹೇಳಿಕೊಟ್ಟ ಆಟದಲ್ಲಿ ಇರಲಿಲ್ಲ. ನನ್ನಿಂದ ಹದಿನೈದು ಅಡಿ ದೂರದಲ್ಲಿ ಹಿಡಿದು ಕೆಡವಿದ. ಬಂದೂಕನ್ನು ತಿರುವಿ ಹಿಡಿದ.

"ನಿನ್ನ ಹೆಸರೇನು?" ಎಂದು ಕೇಳಿದ.

"ಡ್ವೇನ್, ನಾನು, ಟಿಮ್."

ಮೊದಲ ಏಟು ದವಡೆಗೆ ಬಿತ್ತು. ತೆಂಗಿನಕಾಯಿ ಒಡೆದಂಥ ಸದ್ದು.

"ನಿಜವಾದ ಹೆಸರು."

ಇಮ್ತಿಯಾಜ್ ಎರಡೂ ಕೈ ಎತ್ತಿ, ರಕ್ತ ತುಂಬಿದ ಬಾಯಲ್ಲಿ, "ಮೀ ನೋ ಅಲಾಮೋ, ಮೀ ನೋ ಅಲಾಮೋ" ಅಂದ. ಬಾಯಿಪಾಠವಾಗಿದ್ದ ಮಾತು, ಅದೇ ಬಂದಿರಬೇಕು. ಕೊಳದ ಆಚೆ ಕೂತ ಜನ ಚಪ್ಪಾಳೆ ತಟ್ಟಿದರು. ಎರಡನೇ ಏಟು ಅಡ್ಡ ಹಿಡಿದ ಕೈಗೆ ಬಿದ್ದು ಬೆರಳು ಹಿಂದಕ್ಕೆ ಮುರಿಯಿತು. ಆಗ ಅವನು ಕನ್ನಡದಲ್ಲಿ ಕೂಗಿದ.

"ವಿರೂ! ಬಾರೋ! ಹಿಡೀಲೇ ಇವನ್ನ!"

ಆ ಬಯಲಿನಲ್ಲಿ ಆ ಮಾತು ಅರ್ಥವಾಗುವವನು ನಾನೊಬ್ಬನೇ ಇದ್ದೆ. ನಾನು ಏಳಲಿಲ್ಲ. ಕೆಂಪಿರುವೆ ಕತ್ತಿನೊಳಗೆ ಹರಿದು ಕಚ್ಚುತ್ತಿತ್ತು, ಅಲುಗಾಡಲಿಲ್ಲ. ಎದ್ದರೆ ನಾನೂ ಅವನ ಕಡೆಯವನು ಎಂದು ಗೊತ್ತಾಗುತ್ತದೆ, ಮುಂದಿನ ಏಟು ನನಗೆ ಎಂಬುದಿಷ್ಟೇ ತಲೆಯಲ್ಲಿತ್ತು. ಮೂರನೇ ಏಟು ಕೆನ್ನೆಯ ಮೂಳೆಗೆ. ನಾಲ್ಕನೆಯದು ಎಡಗಣ್ಣಿಗೆ. ಆಮೇಲೆ ಅವನು ಕೂಗಲಿಲ್ಲ.

ಗಾಯಗೊಂಡ ಸೇನಾಪತಿಯಾಗಿ ದೂರದ ಓಕ್ ಮರದ ಕೆಳಗೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ ರಾಯ್, ಏನೋ ಸರಿಯಿಲ್ಲ ಅನ್ನಿಸಿ ಎದ್ದು ಓಡಿ ಬಂದ. ಕಾಲು ಮುರಿದ ಸೇನಾಪತಿ ಓಡುವುದನ್ನು ನೋಡಿ ಜನ ಹೋ ಎಂದು ನಕ್ಕರು. ಅವನು ಬಂದು ಡ್ವೇನ್‌ನನ್ನು ಎಳೆದು ಕೆಡವಿದ ಮೇಲೆ ನಗು ನಿಂತಿತು.

ಕಾಲು ಜಾರಿತು, ಬಂದೂಕು ಮುಖದ ಮೇಲೆ ಬಿತ್ತು ಅಂದ ಡ್ವೇನ್. ಹುಲ್ಲು ಎತ್ತರವಿತ್ತು, ಸರಿಯಾಗಿ ಕಂಡವರು ಇರಲಿಲ್ಲ. ಆ ಜಿಲ್ಲೆಯ ಪೊಲೀಸಿನವನು, ಡೆಪ್ಯುಟಿ, ಚಿಕ್ಕ ಪುಸ್ತಕ ಹಿಡಿದು ನನ್ನ ಹತ್ತಿರ ಬಂದ. ಎಲ್ಲರಿಗಿಂತ ಹತ್ತಿರ ನೀನೇ ಇದ್ದೆಯಂತೆ, ಏನು ನೋಡಿದೆ ಎಂದು ಕೇಳಿದ.

"ನಾನು ಸತ್ತಿದ್ದೆ ಸರ್," ಅಂದೆ. "ಕಣ್ಣು ಮುಚ್ಚಿದ್ದೆ."

ಅವನು ಅದನ್ನೇ ಬರೆದುಕೊಂಡ.

ಎಡಗಣ್ಣು ಉಳಿಯಲಿಲ್ಲ. ಒಡೆದ ದವಡೆಗೆ ಡಾಕ್ಟರು ತಂತಿ ಕಟ್ಟಿ ಬಾಯಿ ಮುಚ್ಚಿಸಿದರು, ಆರು ವಾರ ಬಿಚ್ಚುವ ಹಾಗಿಲ್ಲ. ಡೆಪ್ಯುಟಿ ಆಸ್ಪತ್ರೆಗೂ ಬಂದಿದ್ದ. ಇಮ್ತಿಯಾಜ್ ನೋಟ್‌ಬುಕ್ಕಿನಲ್ಲಿ ಎಡಗೈಯಿಂದ, ಏನೂ ನೆನಪಿಲ್ಲ ಎಂದು ಬರೆದುಕೊಟ್ಟ. ನನಗೆ ಎದೆಯ ಮೇಲಿನ ಚಪ್ಪಡಿ ಇಳಿದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಸಂತೋಷವೇ ಆಯಿತು.

ಎರಡನೇ ವಾರ, ಒಂದು ಮಂಗಳವಾರ ಬೆಳಗ್ಗೆ, ರಾಯ್ ನಮ್ಮ ಅಪಾರ್ಟ್‌ಮೆಂಟಿಗೆ ಬಂದ. ಇಮ್ತಿಯಾಜ್ ಸೋಫಾದ ಮೇಲೆ, ಮುಖಕ್ಕೆಲ್ಲ ಪಟ್ಟಿ ಸುತ್ತಿಕೊಂಡು ಮಲಗಿದ್ದ. ನಿದ್ದೆ ಬಂದಿದೆ ಅಂದುಕೊಂಡೆ. ರಾಯ್ ಟೋಪಿ ತೆಗೆದು ಬಾಗಿಲ ಹತ್ತಿರವೇ ನಿಂತ.

"ಡೆಪ್ಯುಟಿ ಶುಕ್ರವಾರದ ತನಕ ಕಾಯುತ್ತಾನೆ. ಯಾರೂ ಏನೂ ಹೇಳದಿದ್ದರೆ ಆಕಸ್ಮಿಕ ಎಂದು ಬರೆದು ಮುಗಿಸುತ್ತಾನೆ."

"ನಾನು ನೋಡಲಿಲ್ಲ ಸರ್."

"ನನ್ನ ಬಯಲಿನಲ್ಲಿ ಯಾವ ಹೆಣ ಎಲ್ಲಿ ಬೀಳುತ್ತದೆ ಎಂದು ನನಗೆ ಗೊತ್ತು ಮಗನೇ. ನೀನು ಬಲ ಮಗ್ಗುಲಿಗೆ, ಕೊಳದ ಕಡೆ ಮುಖ ಮಾಡಿ ಬಿದ್ದಿದ್ದೆ." ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ನಾನೂ ಒಂದು ಊರಿನಲ್ಲಿ ಒಮ್ಮೆ ಹೀಗೇ ನೋಡಿದ್ದೆ. ಕೇಳಿದಾಗ ನೋಡಲಿಲ್ಲ ಅಂದೆ. ಆಗ ನನಗೆ ನಿನ್ನದೇ ವಯಸ್ಸು."

ಅವನು ಹೋದ ಮೇಲೆ ಡೆಪ್ಯುಟಿಯ ನಂಬರಿದ್ದ ಚೀಟಿ ಫ್ರಿಜ್ಜಿನ ಮೇಲೆ ಉಳಿಯಿತು. ಬುಧವಾರ ಫೋನ್ ಎತ್ತಿದೆ, ಇಟ್ಟೆ. ವೀಸಾ, ಕೋರ್ಟು, ಊರಲ್ಲಿ ಅಪ್ಪನಿಗೆ ಹೇಳಬೇಕಾದ ಮಾತು, ಡ್ವೇನ್‌ನ ಗೆಳೆಯರು, ಎಲ್ಲ ಕಣ್ಣ ಮುಂದೆ ಬಂತು. ಗುರುವಾರ ಲ್ಯಾಬ್‌ನಲ್ಲಿ ಕೆಲಸ ಬಹಳವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಶುಕ್ರವಾರ ಬೆಳಗ್ಗಿನಿಂದ ಸಂಜೆಯವರೆಗೂ ಮನೆಯಲ್ಲೇ ಇದ್ದೆ. ಇಮ್ತಿಯಾಜ್ ಫ್ರಿಜ್ಜಿಗೆ ಎದುರಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ. ರಾಗಿ ಗಂಜಿ ತೆಳ್ಳಗೆ ಮಾಡಿ ಸ್ಟ್ರಾ ಹಾಕಿ ಕೊಟ್ಟೆ. ಕುಡಿದ. ಐದು ಗಂಟೆ ಆಯಿತು, ಆರಾಯಿತು. ಅವನು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ಡ್ವೇನ್ ಜೂನ್‌ನಲ್ಲಿ ಸೈನ್ಯ ಸೇರಿದ. ಆಮೇಲೆ ಅವನ ವಿಷಯ ಏನಾಯಿತೋ ನನಗೆ ಗೊತ್ತಿಲ್ಲ. ರಾಯ್ ಆ ಆಟವನ್ನು ಮತ್ತೆ ಆಡಿಸಲಿಲ್ಲ. ನಾನು ಆರು ವಾರ ಬೇಳೆ ಕಟ್ಟು ಬಸಿದೆ, ಗಂಜಿ ಕಾಯಿಸಿದೆ, ಅವನ ಬಟ್ಟೆ ಒಗೆದೆ, ಪಾತ್ರೆಗಳನ್ನೆಲ್ಲ ನಾನೇ ತೊಳೆದೆ. ಎಷ್ಟು ಒಳ್ಳೆಯ ಗೆಳೆಯ ಎಂದು ಅಪಾರ್ಟ್‌ಮೆಂಟಿನವರೆಲ್ಲ ಹೊಗಳುತ್ತಿದ್ದರು. ಪ್ರತಿ ಹೊಗಳಿಕೆಗೂ ನನ್ನ ಮೈ ಉರಿಯುತ್ತಿತ್ತು.

ಜೂನ್ ಮೊದಲ ವಾರ ತಂತಿ ಬಿಚ್ಚಿದರು. ಅವನು ಆಗಲೇ ಆಸ್ಟಿನ್‌ಗೆ ಶಿಫ್ಟ್ ಆಗುವುದೆಂದು ತೀರ್ಮಾನಿಸಿ, ಪುಸ್ತಕಗಳನ್ನು ಡಬ್ಬಿಗೆ ತುಂಬಿದ್ದ. ಆ ಮಧ್ಯಾಹ್ನ ಜೋಳದ ಹಿಟ್ಟು ಹುಡುಕಿ ತಂದು ರೊಟ್ಟಿ ಮಾಡಿದೆ. ನನ್ನ ಕೈಯಲ್ಲಿ ತಟ್ಟಿದ್ದು ನಾಲ್ಕು ಮೂಲೆಯಾಗಿತ್ತು. ಹಾಲಿನಲ್ಲಿ ನೆನೆಸಿ ಅವನ ಮುಂದಿಟ್ಟೆ. ಅವನು ಒಂದು ಚೂರು ಬಾಯಿಗೆ ಹಾಕಿಕೊಂಡು ನಿಧಾನ ಅಗಿದ. ನನಗೆ ತಡೆಯಲಾಗಲಿಲ್ಲ.

"ಇಮ್ತಿ, ಅವತ್ತ ನಾ ಸುಳ್ ಹೇಳಿದ್ಯೋ. ನಾ ಕಣ್ ಮುಚ್ಚಿದ್ದಿಲ್ಲ. ಎಲ್ಲಾ ನೋಡ್ದೆ. ಸಾಲಿನ್ಯಾಗ ಕೂಗಿದಾವ್ನೂ ನಾನ."

ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ. ನುಂಗಿ, ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದ. ಆರು ವಾರ ಮುಚ್ಚಿದ್ದ ಬಾಯಿ, ಮಾತು ತೊದಲುತ್ತಿತ್ತು.

"ಗೊತ್ತೈತಿ" ಅಂದ. ಎಡಗಣ್ಣಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದ. "ಈ ಕಣ್ಣ ಕಟ್ಟಕಡೀಕ ನೋಡಿದ್ದ ನಿನ್ನ. ಕಣ್ ಬಿಟ್ಕೊಂಡ ಬಿದ್ದಿದ್ದಿ."

"ಮತ್ತ ಯಾಕೋ ನೆನಪಿಲ್ಲ ಅಂತ ಬರದಿ ಪೊಲೀಸ್ರಿಗೆ?"

"ನನ್ನಂಥ ಹೆಸರಿನಾವನ ಮಾತಿಗೆ ಆ ದಿನದಾಗ ಯಾರ್ ಕಿವಿ ಕೊಡ್ತಿದ್ರೋ? ನಿನ್ನ ಮಾತ್ ಕೇಳ್ತಿದ್ರು. ನೀ ಹೇಳ್ತಿ ಅಂತ ಶುಕ್ರವಾರದ ತನಕ ಕಾದೆ."

ಆಮೇಲೆ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎರಡು ಮಾಡಿ, ಅರ್ಧವನ್ನು ನನ್ನ ಕಡೆ ಸರಿಸಿದ. "ನೀ ಮುಂಜಾನಿಂದ ಏನೂ ತಿಂದಿಲ್ಲ. ತಿನ್ನು" ಅಂದ.